ರೆನೆ ಎರ್ಸ್ ಮಾದರಿಯ ಉಕ್ಕಿನ ಸೈಕಲ್: ಕೆಲವು ತಿದ್ದುಪಡಿ

ಸಂಪಾದಕರಿಗೆ,

ಮಾನ್ಯರೇ,

ಕೈಯಿಂದ ಕಟ್ಟುವ ಉಕ್ಕಿನ ಸೈಕಲ್ಲುಗಳ ಬಗ್ಗೆ, ಅದರಲ್ಲೂ ಫ್ರಾನ್ಸಿನ ಹಳೆಯ ತಯಾರಕರೊಬ್ಬರ ಗೌರವಾರ್ಥ ಕಟ್ಟುವ ಫ್ರೇಮುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಇಂಥ ವಿಷಯಕ್ಕೆ ಕನ್ನಡದಲ್ಲಿ ಅಷ್ಟು ಜಾಗ ಸಿಕ್ಕಿದ್ದೇ ಸಂತೋಷ. ಆದರೆ ಅದನ್ನೇ ನಂಬಿ ಯಾರಾದರೂ ಕೊಳವೆ ತರಿಸಿ ಬೆಸುಗೆಯ ಗ್ಯಾಸ್ ಟಾರ್ಚ್ ಹೊತ್ತಿಸಿದರೆ ಮೊದಲ ಫ್ರೇಮು ಗುಜರಿಗೆ ಹೋಗುವುದು ಖಂಡಿತ. ಹಾಗಾಗಿ ಈ ಪತ್ರ.

ಮೊದಲು ಹೆಸರು. ನೀವು ‘ಹರ್ಸೆ’ ಎಂದು ಬರೆದಿದ್ದೀರಿ. ಫ್ರೆಂಚಿನಲ್ಲಿ ಮೊದಲಿನ ‘ಹ’ ಉಚ್ಚಾರವಾಗುವುದಿಲ್ಲ, ಕೊನೆಯ ‘ಎ’ಯೂ ಇಲ್ಲ, ರೆನೆ ಎರ್ಸ್. ಹುಟ್ಟಿದ್ದು 1908, ತೀರಿಕೊಂಡದ್ದು 1976. ವಿಮಾನ ತಯಾರಿಕೆಯ ಕೆಲಸದಿಂದ ಸೈಕಲ್ಲಿಗೆ ಬಂದವರು. ಮೊದಲು ಹಗುರವಾದ ಬಿಡಿಭಾಗ ಮಾಡಿ, 1940ರಿಂದ ಇಡೀ ಸೈಕಲ್ ಕಟ್ಟತೊಡಗಿದರು. ಪ್ಯಾರಿಸ್ಸಿನ ಮಗ್ಗುಲಲ್ಲೇ ಇರುವ ಲೆವಲ್ವಾ-ಪೆರೆಯಲ್ಲಿ ಅವರ ಅಂಗಡಿ. ಇನ್ನೊಬ್ಬ ಸೈಕಲ್ ತಯಾರಕರಾದ ಅಲೆಕ್ಸ್ ಸಿಂಜರ್ ಅಂಗಡಿಯೂ ಅದೇ ಊರಿನದು. ಎರ್ಸ್ ಅವರ ಮಗಳು ಲಿಲಿ ಸೈಕಲ್ ರೇಸಿನಲ್ಲಿ ಹಲವು ಬಾರಿ ಫ್ರಾನ್ಸಿನ ಚಾಂಪಿಯನ್. ಅಪ್ಪನ ನಂತರ ಪತಿ ಜಾನ್ ದೆಬ್ವಾ ಜತೆ ಅಂಗಡಿ ನಡೆಸಿದವರು ಅವರೇ. ಜಪಾನಿನ ತೋಯೆಯಂಥ ತಯಾರಕರು ಈ ಫ್ರೆಂಚ್ ಮಾದರಿಯನ್ನು ಇವತ್ತಿಗೂ ಕಟ್ಟುತ್ತಿದ್ದಾರೆ.

ಲೇಖನದಲ್ಲಿ ಐದಾರು ಕಡೆ ‘ವೆಲ್ಡ್ ಮಾಡಿದ ಫ್ರೇಮು’ ಎಂದಿದೆ. ಇದು ಶಬ್ದದ ತಪ್ಪಲ್ಲ, ಕೆಲಸವನ್ನೇ ತಪ್ಪಾಗಿ ತಿಳಿದದ್ದು. ವೆಲ್ಡಿಂಗಿನಲ್ಲಿ ಕೊಳವೆಯ ಉಕ್ಕೇ ಕರಗಿ ಒಂದಾಗುತ್ತದೆ. ಎರ್ಸ್ ಕಾಲದ ಫ್ರೇಮಿನಲ್ಲಿ ಉಕ್ಕು ಕರಗುವುದೇ ಇಲ್ಲ. ಅಕ್ಕಸಾಲಿಗರು ಬಿಳಿಗಾರ ಹಚ್ಚಿ ಒಡವೆ ಬೆಸೆಯುವಂತೆ, ಕೊಳವೆಗಿಂತ ಬೇಗ ಕರಗುವ ಹಿತ್ತಾಳೆಯನ್ನೋ ಬೆಳ್ಳಿ ಮಿಶ್ರಲೋಹವನ್ನೋ ಸಂದಿಗೆ ಹರಿಸಬೇಕು. ಇದು ಬ್ರೇಜಿಂಗ್. ನಮ್ಮ ಊರುಗಳಲ್ಲಿ ಓಡಾಡುವ ಹಾಲಿನವರ ದೊಡ್ಡ ಸೈಕಲ್ಲಿನ ಫ್ರೇಮಿಗೂ ಲಗ್ (ಕೊಳವೆಗಳ ತುದಿಯನ್ನು ಒಳಗೆ ಕೂರಿಸಿ ಸೇರಿಸುವ ಉಕ್ಕಿನ ತೋಳು) ಇಟ್ಟು ಹಿತ್ತಾಳೆ ಹರಿಸಿಯೇ ಬೆಸೆದಿರುತ್ತಾರೆ. ವ್ಯತ್ಯಾಸ ಇರುವುದು ಕೊಳವೆಯ ಗೋಡೆ ಎಷ್ಟು ತೆಳು, ಸಂದಿ ಎಷ್ಟು ಬಿಗಿ ಎನ್ನುವುದರಲ್ಲಿ.

ಇನ್ನು ಗೌರವದ ಮಾತು. ಎರ್ಸ್ ಫ್ರೇಮಿನ ಲಗ್ಗಿನ ಆಕಾರ, ನೀಲಿ ಬಣ್ಣ, ಅಕ್ಷರದ ಓರೆ ಇವನ್ನೇ ನಕಲು ಮಾಡಿದರೆ ಸಾಕೆಂಬ ಭಾವನೆ ಲೇಖನದಲ್ಲಿದೆ. ಅವರ ಕೆಲಸದ ತಿರುಳು ಇದ್ದದ್ದು ಬೇರೆ ಕಡೆ. ಫ್ರೇಮು, ಮಡ್‌ಗಾರ್ಡು, ಮುಂದಿನ ಕ್ಯಾರಿಯರ್, ದೀಪದ ವೈರು, ಬ್ರೇಕು ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಕಟ್ಟುತ್ತಿದ್ದರು. ಆಗ ಫ್ರಾನ್ಸಿನಲ್ಲಿ ಸೈಕಲ್ ತಯಾರಕರಿಗೆಂದೇ ತಾಂತ್ರಿಕ ಪರೀಕ್ಷೆಯ ಸ್ಪರ್ಧೆ ನಡೆಯುತ್ತಿತ್ತು. ಗುಡ್ಡಗಾಡಿನ ಹದಗೆಟ್ಟ ರಸ್ತೆಯಲ್ಲಿ ನೂರಾರು ಕಿ.ಮೀ ಓಡಿಸಿದ ಮೇಲೆ ಏನು ಸಡಿಲವಾಯಿತು, ಏನು ಮುರಿಯಿತು ಎಂದು ನೋಡಿ ಅಂಕ ಕಳೆಯುತ್ತಿದ್ದರು. 1940ರ ದಶಕದ ಕೊನೆಯಲ್ಲಿ ಅದಕ್ಕೆಂದು ಎರ್ಸ್ ಕಟ್ಟಿದ ಸೈಕಲ್ಲು ದೀಪ, ಮಡ್‌ಗಾರ್ಡು, ಕ್ಯಾರಿಯರ್ ಸಮೇತ 8 ಕಿ.ಗ್ರಾಂ ಆಸುಪಾಸು ತೂಗುತ್ತಿತ್ತು. ಬೋಲ್ಟು ಹಾಕಿ ಆಮೇಲೆ ತಗಲಿಸುವುದನ್ನೆಲ್ಲ ಮೊದಲೇ ಬೆಸೆದುಬಿಟ್ಟರೆ ಕ್ಲ್ಯಾಂಪಿನ ತೂಕ ಉಳಿಯುತ್ತದೆ, ಸಡಿಲವಾಗುವ ಜಾಗವೂ ಕಡಿಮೆಯಾಗುತ್ತದೆ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಲಗ್ಗಿನಿಂದಲ್ಲ, ಟೈರಿನಿಂದ. ಈ ಮಾದರಿಯ ಪ್ರವಾಸಿ ಸೈಕಲ್ಲಿಗೆ 650ಬಿ ಚಕ್ರ, 38ರಿಂದ 42 ಮಿ.ಮೀ ಅಗಲದ ಟೈರು ಒಪ್ಪುತ್ತದೆ. 650ಬಿ ಅಂದರೆ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 584 ಮಿ.ಮೀ. ಇದು ಎಲ್ಲೋ ಫ್ರಾನ್ಸಿನಲ್ಲಿ ಮಾತ್ರ ಸಿಗುವಂಥದ್ದಲ್ಲ; ಈಗ ಮೌಂಟನ್ ಬೈಕುಗಳಲ್ಲಿ ‘27.5’ ಎಂದು ಮಾರುವುದೂ ಇದೇ 584. ಆದರೆ 26 × 1⅜ ಎಂದು ಬರೆದ ಟೈರು 590 ಮಿ.ಮೀಯದು. ಕಣ್ಣಿಗೆ ಎರಡೂ ಒಂದೇ ಥರ. 590ರ ಟೈರನ್ನು 584ರ ರಿಮ್ಮಿಗೆ ಹಾಕಿದರೆ ಸಲೀಸಾಗಿ ಕೂರುತ್ತದೆ, ಗಾಳಿ ತುಂಬಿದ ಮೇಲೆ ಎಲ್ಲೋ ಒಂದು ಕಡೆ ರಿಮ್ಮಿನಿಂದ ಎದ್ದು ಟ್ಯೂಬು ಸಿಡಿಯುತ್ತದೆ. ಟೈರಿನ ಮಗ್ಗುಲಲ್ಲಿ ಅಚ್ಚಾದ ಮೂರಂಕಿ ನೋಡದೆ ಕೊಳ್ಳಬಾರದು.

42ರ ಟೈರು ಹಾಕಿದ 650ಬಿ ಚಕ್ರದ ತ್ರಿಜ್ಯ ಸವಾರ ಕೂತಾಗ ಸುಮಾರು 330 ಮಿ.ಮೀ. ಮುಂದಿನ ಲೆಕ್ಕವೆಲ್ಲ ಈ ಅಂಕಿಯ ಮೇಲೆ. ಹ್ಯಾಂಡಲ್ ತಿರುಗುವ ಮುಂದಿನ ಗಿಡ್ಡ ಕೊಳವೆಯೇ ಹೆಡ್ ಟ್ಯೂಬು; ಅದರ ಗೆರೆಯನ್ನು ನೆಲದವರೆಗೆ ಎಳೆದರೆ ಒಂದು ಬಿಂದು ಸಿಗುತ್ತದೆ. ಟೈರು ನೆಲ ಮುಟ್ಟುವ ಬಿಂದು ಅದರ ಹಿಂದಿರುತ್ತದೆ. ಎರಡರ ನಡುವಿನ ದೂರವೇ ಟ್ರೇಲ್. ಹೆಡ್ ಟ್ಯೂಬು ನೆಲಕ್ಕೆ 73 ಡಿಗ್ರಿ ಕೋನದಲ್ಲಿದ್ದು, ಫೋರ್ಕಿನ (ಮುಂಚಕ್ರ ಹಿಡಿಯುವ ಕವೆಯ) ಬಾಗು, ಅಂದರೆ ಆ ಗೆರೆಯಿಂದ ಚಕ್ರದ ಅಕ್ಷ ಮುಂದಿರುವ ದೂರ, 45 ಮಿ.ಮೀ ಇಟ್ಟರೆ ಟ್ರೇಲ್ ಸುಮಾರು 54 ಮಿ.ಮೀ. ಅದೇ ಕೋನದಲ್ಲಿ ಬಾಗನ್ನು 65ಕ್ಕೆ ಏರಿಸಿದರೆ ಟ್ರೇಲ್ 33ಕ್ಕೆ ಇಳಿಯುತ್ತದೆ. ಫ್ರೆಂಚ್ ಪ್ರವಾಸಿ ಸೈಕಲ್ಲುಗಳ ಗುಟ್ಟು ಈ ಕಡಿಮೆ ಟ್ರೇಲ್. ಹ್ಯಾಂಡಲ್ಲಿನ ಮುಂದೆ, ಪುಟ್ಟ ಕ್ಯಾರಿಯರ್ ಮೇಲೆ ಮೂರು ನಾಲ್ಕು ಕಿಲೋ ಚೀಲ ಇಟ್ಟರೂ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ, ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಅತ್ತಿತ್ತ ಬೀಳುವುದಿಲ್ಲ. ಮೂಲಮಾದರಿ ಎಂದು ಕುರುಡಾಗಿ 65ರ ಬಾಗು ಹಾಕಿಸಿಕೊಂಡು, ಆಮೇಲೆ ಹೊರೆಯನ್ನೆಲ್ಲ ನಮ್ಮ ಅಭ್ಯಾಸದಂತೆ ಹಿಂದಿನ ಕ್ಯಾರಿಯರ್‌ಗೆ ಹೇರುವವರಿದ್ದಾರೆ. ಅಂಥವರಿಗೆ ಇದರಿಂದ ಏನೂ ಲಾಭವಿಲ್ಲ. 45–50ರ ಬಾಗೇ ಸರಿ.

ಪೆಡಲ್ ಅಕ್ಷ ಚಕ್ರದ ಅಕ್ಷಕ್ಕಿಂತ 68 ಮಿ.ಮೀ ಕೆಳಗಿದ್ದರೆ ನೆಲದಿಂದ 262 ಮಿ.ಮೀ ಎತ್ತರ ಸಿಗುತ್ತದೆ. ಚೈನ್ ಸ್ಟೇ (ಪೆಡಲ್ ಅಕ್ಷದಿಂದ ಹಿಂಚಕ್ರದ ಅಕ್ಷಕ್ಕೆ ಹೋಗುವ ಜೋಡಿ ಕೊಳವೆ) 440 ಮಿ.ಮೀ. ಟೈರಿನ ಎರಡೂ ಬದಿ ಕನಿಷ್ಠ 7 ಮಿ.ಮೀ ಜಾಗ ಬೇಕು, ಅಂದರೆ ಚೈನ್ ಸ್ಟೇಗಳ ನಡುವೆ 56. ಬಲಗಡೆ ಚೈನ್‌ರಿಂಗ್ (ಪೆಡಲಿನ ಹಲ್ಲುಚಕ್ರ) ಬಂದು ತಗಲುವುದೂ ಅಲ್ಲೇ. ವೈಸಿನಲ್ಲಿ ದುಂಡನೆಯ ಅಚ್ಚು ಇಟ್ಟು ಸ್ಟೇಗಳನ್ನು ತಣ್ಣಗಿರುವಾಗಲೇ ಒತ್ತಿ ತಗ್ಗು ಮಾಡಬೇಕು. ಬೆಸೆದ ಮೇಲೆ ಸುತ್ತಿಗೆ ಹಿಡಿದರೆ ತಡವಾಯಿತು.

ಕೊಳವೆ. ಎರ್ಸ್ ಬಳಸಿದ ಕೊಳವೆಗಳಲ್ಲಿ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ 531 ಕೂಡ ಇತ್ತು. 1935ರಲ್ಲಿ ಬಂದ ಮ್ಯಾಂಗನೀಸ್–ಮಾಲಿಬ್ಡಿನಮ್ ಉಕ್ಕು ಅದು. ಎರಡು ತುದಿಯಲ್ಲಿ ಗೋಡೆ ದಪ್ಪ, ನಡುವೆ ತೆಳು. ಇದನ್ನೇ ಬಟೆಡ್ ಕೊಳವೆ ಎನ್ನುವುದು. 28.6 ಮಿ.ಮೀ ವ್ಯಾಸದ ಕೊಳವೆಯ ಗೋಡೆ ಉದ್ದಕ್ಕೂ 0.9 ಮಿ.ಮೀ ಇದ್ದರೆ ಮೀಟರಿಗೆ ಸುಮಾರು 615 ಗ್ರಾಂ, 0.6 ಆದರೆ ಸುಮಾರು 415. ತೂಕ ಉಳಿಯುವುದು ಹೊಟ್ಟೆಯ ಭಾಗದಲ್ಲಿ, ತುದಿಯ ದಪ್ಪ ಬೆಸುಗೆಯ ಬಿಸಿ ತಡೆಯಲು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಉದ್ದ ಸರಿಮಾಡಲು ಸಿಕ್ಕ ತುದಿಯನ್ನು ಕತ್ತರಿಸುತ್ತಾರೆ, ದಪ್ಪ ಭಾಗವೇ ಹೊರಟುಹೋಗಿ ತೆಳು ಹೊಟ್ಟೆ ಲಗ್ಗಿನ ಬಾಯಿಗೆ ಬಂದು ನಿಲ್ಲುತ್ತದೆ. ಒಂದೆರಡು ವರ್ಷದಲ್ಲಿ ಅಲ್ಲೇ ಬಿರುಕು. ಸೀಟಿನಿಂದ ಇಳಿಯುವ ಸೀಟ್ ಟ್ಯೂಬಿಗೆ ದಪ್ಪ ತುದಿ ಒಂದೇ, ಅದು ಕೆಳಗೆ ಬಿ.ಬಿ. ಶೆಲ್ಲಿಗೆ (ಪೆಡಲ್ ಅಕ್ಷ ಕೂರುವ ಅಡ್ಡ ಕೊಳವೆಗೆ) ಹೋಗಬೇಕು. ಕತ್ತರಿಸುವ ಮೊದಲು ತಯಾರಕರ ಪಟ್ಟಿ ನೋಡಿ ದಪ್ಪ ಎಲ್ಲಿ ಮುಗಿಯುತ್ತದೆ ಎಂದು ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟುಕೊಂಡರೆ ಈ ತಪ್ಪೇ ಆಗದು.

‘531ರ ಉಕ್ಕು ಮೆದು, ಅದಕ್ಕೇ ಸವಾರಿ ಹಿತ’ ಎಂದು ಲೇಖನದಲ್ಲಿದೆ. ಉಕ್ಕು ಯಾವುದೇ ಆಗಲಿ, ಬಾಗುವಿಕೆಗೆ ಒಡ್ಡುವ ಪ್ರತಿರೋಧ ಹೆಚ್ಚುಕಡಿಮೆ ಒಂದೇ, 200 ಗಿಗಾಪ್ಯಾಸ್ಕಲ್ ಆಸುಪಾಸು. ಮಿಶ್ರಲೋಹ ಬದಲಾದಾಗ ಬದಲಾಗುವುದು ಶಕ್ತಿ. ಅಂದರೆ ಎಷ್ಟು ತೆಳು ಗೋಡೆ ಇಡಬಹುದು ಎನ್ನುವುದು. ಸವಾರಿಯ ಹಿತ ಬರುವುದು ವ್ಯಾಸ, ಗೋಡೆಯ ದಪ್ಪ, ಎಲ್ಲಕ್ಕಿಂತ ಹೆಚ್ಚಾಗಿ ಟೈರಿನ ಗಾಳಿಯಿಂದ. ಇವತ್ತಿನ ಡೌನ್ ಟ್ಯೂಬು (ಹೆಡ್ ಟ್ಯೂಬಿನಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) 31.8 ಮಿ.ಮೀ. ಅದೇ ದಪ್ಪದ ಗೋಡೆಯ 28.6ಕ್ಕಿಂತ ಅದು ಸುಮಾರು 38 ಶೇಕಡ ಹೆಚ್ಚು ಬಿರುಸು. ಎರ್ಸ್ ಸೈಕಲ್ಲಿನ ನಡೆ ಬೇಕಿದ್ದರೆ 25.4ರ ಟಾಪ್ ಟ್ಯೂಬು (ಮೇಲಿನ ಅಡ್ಡ ಕೊಳವೆ), 28.6ರ ಡೌನ್ ಟ್ಯೂಬು ಹುಡುಕಬೇಕು, ಹೊಸ 31.8ರ ಸೆಟ್ಟಿನಲ್ಲಿ ಅದು ಬರುವುದಿಲ್ಲ. ಹಳೆಯ ಫ್ರೆಂಚ್ ಲಗ್ ಎಲ್ಲಾದರೂ ಸಿಕ್ಕಿತೆಂದು ಕೊಳ್ಳುವವರಿಗೆ ಒಂದು ಎಚ್ಚರ: ಅವು 26 ಮತ್ತು 28 ಮಿ.ಮೀ ಕೊಳವೆಗೆ ಮಾಡಿದಂಥವು. 28.6 ಅದರೊಳಗೆ ಹೋಗುವುದಿಲ್ಲ, 25.4 ಸಡಿಲವಾಗಿ ಅಲ್ಲಾಡುತ್ತದೆ.

ಮೊದಲ ಫ್ರೇಮಿಗೆ ದುಬಾರಿ ಕೊಳವೆಯೇ ಬೇಡ. ಉದ್ದಕ್ಕೂ 0.9 ಮಿ.ಮೀ ಗೋಡೆಯ ಸಾದಾ 4130 ಕ್ರೋಮೋಲಿ (ಕ್ರೋಮಿಯಂ–ಮಾಲಿಬ್ಡಿನಮ್ ಉಕ್ಕು) ಸಾಕು. ಬಿಸಿ ಹೆಚ್ಚಾದರೂ ಸ್ವಲ್ಪ ಕ್ಷಮಿಸುತ್ತದೆ.

ಒಂದು ಕೊಳವೆಯ ತುದಿ ಇನ್ನೊಂದರ ಬೆನ್ನಿಗೆ ಕೂರುವಂತೆ ಮೀನಿನ ಬಾಯಿಯ ಆಕಾರದಲ್ಲಿ ಕೊರೆಯಬೇಕು. ಇದಕ್ಕೆ ಮೈಟರ್ ಎನ್ನುತ್ತಾರೆ. ಕಾಗದದ ಪಡಿಯಚ್ಚು ಸುತ್ತಿ ಗೆರೆ ಹಾಕಿ, ಗರಗಸದಿಂದ ಒರಟಾಗಿ ಕೊಯ್ದು, ಅರ್ಧದುಂಡನೆಯ ಅರದಿಂದ ಉಜ್ಜಿ ಕೂರಿಸುವುದು ಕೈಕೆಲಸದ ದಾರಿ. ಎರಡನ್ನೂ ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕಿನ ಗೆರೆ ಕಾಣಬಾರದು. ‘ಹೇಗಿದ್ದರೂ ಲಗ್ಗಿನೊಳಗೆ ಮುಚ್ಚಿಹೋಗುತ್ತದಲ್ಲ’ ಎಂದು ಇದನ್ನು ಬಿಡುವವರೇ ಹೆಚ್ಚು. ಮೈಟರ್ ಸಡಿಲವಾದರೆ ಭಾರವೆಲ್ಲ ಲಗ್ಗಿನ ತೆಳು ತುಟಿಯ ಮೇಲೆ ಬೀಳುತ್ತದೆ, ಬೆಸೆದು ತಣ್ಣಗಾಗುವಾಗ ಫ್ರೇಮು ಆ ಕಡೆಗೆ ಎಳೆದುಕೊಳ್ಳುತ್ತದೆ.

ಲಗ್ಗಿನ ಒಳಮೈಗೂ ಕೊಳವೆಯ ಹೊರಮೈಗೂ ನಡುವೆ ಸುತ್ತಲೂ 0.05ರಿಂದ 0.1 ಮಿ.ಮೀ ಅಂತರ ಬೇಕು. ಬೆಳ್ಳಿ ಆ ಸಂದಿಯಲ್ಲಿ ಬತ್ತಿಗೆ ಎಣ್ಣೆ ಏರುವ ಹಾಗೆ ತಾನಾಗಿ ಓಡುತ್ತದೆ. ಸುತ್ತಿಗೆಯಲ್ಲಿ ಬಡಿದು ಕೂರಿಸುವಷ್ಟು ಬಿಗಿಯಾದರೆ ಲೋಹಕ್ಕೆ ದಾರಿಯೇ ಇಲ್ಲ, ಹೊರಗೆ ನುಣುಪಾದ ಅಂಚು ಕಂಡರೂ ಒಳಗೆ ಒಣಗಿರುತ್ತದೆ. 0.2 ಮೀರಿದರೆ ಬೆಳ್ಳಿ ನಿಲ್ಲುವುದಿಲ್ಲ, ಅಲ್ಲಿ ಹಿತ್ತಾಳೆಯೇ ಆಗಬೇಕು. ಲಗ್ಗಿನ ಕೋನ ನಿಮ್ಮ ನಕ್ಷೆಗಿಂತ ಒಂದು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ಬಗ್ಗಿಸಬಹುದು, ಎರಡು ದಾಟಿದರೆ ಬೇರೆ ಲಗ್ ತನ್ನಿ. ಬೆಸೆಯುವ ದಿನ ಒಳಗೂ ಹೊರಗೂ ಎಮರಿ ಪಟ್ಟಿಯಿಂದ ಬಿಳಿ ಉಕ್ಕು ಕಾಣುವವರೆಗೆ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಇರುವಲ್ಲಿ ಬೆಳ್ಳಿ ಹತ್ತುವುದಿಲ್ಲ.

ಟಾರ್ಚ್ ಹಿಡಿದವರು ಗಮನಿಸಬೇಕಾದ್ದು ಉರಿಯನ್ನಲ್ಲ, ಬಿಳಿಗಾರವನ್ನು, ಅಂದರೆ ಫ್ಲಕ್ಸನ್ನು. ಬೆಳ್ಳಿ ಕೆಲಸದ ಬಿಳಿ ಪೇಸ್ಟ್ ಫ್ಲಕ್ಸನ್ನು ಲಗ್ಗಿನ ಒಳಗೂ ಕೊಳವೆಗೂ ಧಾರಾಳವಾಗಿ ಬಳಿದು ಜೋಡಿಸಿ, ಸುತ್ತಲೂ ದೂರದಿಂದ ಬಿಸಿ ಕೊಡಿ. ಮೊದಲು ನೀರು ಕುದಿದು ಅದು ಸಂಡಿಗೆ ಅರಳುವಂತೆ ಉಬ್ಬುತ್ತದೆ. ಆಗ ಅವಸರ ಮಾಡಿದರೆ ಸಿಪ್ಪೆ ಎದ್ದು ಉದುರಿ ಕಬ್ಬಿಣ ಬತ್ತಲಾಗುತ್ತದೆ. ಆಮೇಲೆ ಕುಸಿದು ಬಿಳಿ ಹುಡಿ. 600 ಡಿಗ್ರಿ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಗಾಜಿನಂತೆ ತಿಳಿಯಾಗಿ, ಒದ್ದೆ ಮಾಡಿದ ಹಾಗೆ ಹೊಳೆಯುತ್ತದೆ. ಉಕ್ಕು ಆಗಷ್ಟೇ ಮಂಕು ಕೆಂಪಿಗೆ ತಿರುಗುತ್ತಿರುತ್ತದೆ. ಅದೇ ಗಳಿಗೆ. ಕಡ್ಡಿಯ ತುದಿಯನ್ನು ಲಗ್ಗಿನ ಅಂಚಿಗೆ ಮುಟ್ಟಿಸಿದರೆ, ಕಡ್ಡಿಗೆ ಉರಿ ತಾಗಿಸದೆಯೇ ಅದು ಕರಗಿ ಒಳಗೆ ಸೇರಬೇಕು. ಕರಗಿ ಗುಂಡಾಗಿ ಮೇಲೇ ನಿಂತರೆ ಉಕ್ಕು ಇನ್ನೂ ತಣ್ಣಗಿದೆ ಎಂದರ್ಥ. ಲೋಹ ಬಿಸಿ ಇದ್ದ ಕಡೆಗೆ ಓಡುತ್ತದೆ. ಒಂದು ಅಂಚಿನಲ್ಲಿ ಕಡ್ಡಿ ಕೊಟ್ಟು ಉರಿಯನ್ನು ಎದುರು ಅಂಚಿಗೆ ಒಯ್ದರೆ, ಅಲ್ಲಿ ಬೆಳ್ಳಿಯ ಸಣ್ಣ ಗೆರೆ ಹೊರಗೆ ಇಣುಕುತ್ತದೆ. ಆ ಗೆರೆ ಸುತ್ತಲೂ ಕಂಡರೆ ಜೋಡಣೆ ತುಂಬಿದೆ. ಲಗ್ ದಪ್ಪ, ಕೊಳವೆ ತೆಳು. ಉರಿಯ ಮುಕ್ಕಾಲು ಪಾಲು ಲಗ್ಗಿನ ಮೇಲಿರಲಿ. ಬಿಳಿಗಾರ ಕಪ್ಪಾಗಿ ಸುಟ್ಟಿತೆಂದರೆ ಅದರ ಕೆಲಸ ಮುಗಿಯಿತು, ಎಷ್ಟು ಬೆಳ್ಳಿ ಸುರಿದರೂ ಹತ್ತದು. ತಣ್ಣಗಾಗಲು ಬಿಟ್ಟು, ತೊಳೆದು, ಮತ್ತೆ ಮೊದಲಿನಿಂದ.

ಒಂದು ಫ್ರೇಮಿಗೆ 40–50 ಗ್ರಾಂ ಬೆಳ್ಳಿ ಕಡ್ಡಿ ಬೇಕಾಗಬಹುದು, ಕಲಿಯುವವರಿಗೆ ಅದಕ್ಕಿಂತ ಜಾಸ್ತಿ. ಶೇ 56 ಬೆಳ್ಳಿಯ ಕಡ್ಡಿ 650 ಡಿಗ್ರಿಯಲ್ಲಿ ಹರಿಯುತ್ತದೆ. ಅಂಗಡಿಯಲ್ಲಿ ಶೇ 45ರ ಕಡ್ಡಿ ಅಗ್ಗಕ್ಕೆ ಸಿಕ್ಕಿ, 620ರಲ್ಲೇ ನೀರಿನಂತೆ ಹರಿಯುತ್ತದೆ ಎಂದರೆ ಅದರಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆಯೇ ಹೆಚ್ಚು. ಒಡವೆ ಅಂಗಡಿಯಲ್ಲಿ ‘ಕೆಡಿಎಂ’ ಎಂದು ಕೇಳಿದ್ದೀರಲ್ಲ, ಅದೇ ಕ್ಯಾಡ್ಮಿಯಂ. ಅದರ ಹೊಗೆ ಪುಪ್ಪಸ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ, ಮುಚ್ಚಿದ ಕೋಣೆಯಲ್ಲಿ ಒಂದೇ ದಿನದ ಕೆಲಸ ಪ್ರಾಣಕ್ಕೆ ಬರಬಹುದು. ಪೊಟ್ಟಣದ ಮೇಲೆ ‘ಕ್ಯಾಡ್ಮಿಯಂ ರಹಿತ’ ಎಂದಿಲ್ಲದಿದ್ದರೆ ಮನೆಗೆ ತರಲೇಬೇಡಿ. ಬಿಳಿ ಫ್ಲಕ್ಸಿನಲ್ಲಿ ಫ್ಲೋರೈಡ್ ಇರುತ್ತದೆ, ಹಿತ್ತಾಳೆ ಅತಿಯಾಗಿ ಕಾದರೆ ಸತುವು ಬಿಳಿ ಹೊಗೆಯಾಗಿ ಏಳುತ್ತದೆ, ಉಸಿರಿಗೆ ಹೋದರೆ ರಾತ್ರಿ ಚಳಿಜ್ವರ. ಎರಡು ಕಡೆ ತೆರೆದ ಶೆಡ್ಡು, ಮುಖದಿಂದ ಹೊಗೆಯನ್ನು ಆಚೆ ಎಳೆಯುವ ಫ್ಯಾನು ಬೇಕೇ ಬೇಕು.

ಬಿ.ಬಿ. ಶೆಲ್ಲು, ಡ್ರಾಪ್‌ಔಟು (ಚಕ್ರದ ಅಕ್ಷ ಕೂರುವ ಸೀಳಿನ ತುಂಡು), ಫೋರ್ಕ್ ಕ್ರೌನು (ಫೋರ್ಕಿನ ಎರಡು ಕಾಲು ಸೇರುವ ತಲೆ) ಇಲ್ಲೆಲ್ಲ ಸಂದಿ ಸ್ವಲ್ಪ ದೊಡ್ಡದು, ಹಿತ್ತಾಳೆ ಒಳ್ಳೆಯದು. ಅದು ಹರಿಯುವುದು 880–900 ಡಿಗ್ರಿಯಲ್ಲಿ, ಉಕ್ಕು ಕಿತ್ತಳೆಗೆ ತಿರುಗಿದಾಗ. ಹಿತ್ತಾಳೆಯ ಜೋಡಣೆಗಳನ್ನು ಮೊದಲು ಮುಗಿಸಿ, ಬೆಳ್ಳಿಯದನ್ನು ಆಮೇಲೆ ಮಾಡಬೇಕು. ಬೆಳ್ಳಿ ಹತ್ತಿದ ಜಾಗಕ್ಕೆ ಹಿತ್ತಾಳೆ ಹಿಡಿಯುವುದಿಲ್ಲ. ಕಾದ ಕೊಳವೆಯನ್ನು ಎಳೆದು ಬಗ್ಗಿಸುವುದೂ ಅಪಾಯ: ಕರಗಿದ ಹಿತ್ತಾಳೆ ಉಕ್ಕಿನ ಹರಳುಗಳ ನಡುವೆ ನುಗ್ಗಿ ಕೂದಲೆಳೆಯ ಬಿರುಕು ಬಿಡಿಸುತ್ತದೆ. ನೀರು ಎರಚಿ ತಣಿಸಬಾರದು. ತಾನಾಗಿ ಆರಲಿ.

ಮುಚ್ಚಿದ ಕೊಳವೆಗೆ ಗಾಳಿ ಹೋಗಲು ತೂತು ಬಿಡದಿದ್ದರೆ ಕೊನೆಯ ಗಳಿಗೆಯಲ್ಲಿ ಕೆಲಸ ಕೆಡುತ್ತದೆ. ಒಳಗಿನ ಬಿಸಿಗಾಳಿ ಹಿಗ್ಗಿ, ಹರಿಯುತ್ತಿರುವ ಲೋಹವನ್ನು ಊದಿ ಹೊರಹಾಕಿ ಸೂಜಿತೂತು ಉಳಿಸುತ್ತದೆ. ಸ್ಟೇ, ಸೇತುವೆ (ಎರಡು ಸ್ಟೇಗಳ ನಡುವಿನ ಅಡ್ಡ ಕೊಳವೆ), ಫೋರ್ಕಿನ ಕಾಲು ಎಲ್ಲಕ್ಕೂ ಕಾಣದ ಜಾಗದಲ್ಲಿ 3 ಮಿ.ಮೀ ತೂತು ಕೊರೆದಿಡಿ. ಅಭ್ಯಾಸಕ್ಕೆಂದು ಮೊದಲು ಬೆಸೆದ ಐದಾರು ಜೋಡಣೆಗಳನ್ನು ಉದ್ದಕ್ಕೆ ಸೀಳಿ ನೋಡಬೇಕು. ಒಳಗೆ ಲೋಹ ಎಲ್ಲಿಯವರೆಗೆ ಹೋಗಿದೆ ಎಂದು ಬೇರೆ ಯಾವುದೂ ಹೇಳುವುದಿಲ್ಲ.

ಕ್ರಮ: ಸೀಟ್ ಟ್ಯೂಬನ್ನು ಬಿ.ಬಿ. ಶೆಲ್ಲಿಗೆ ಬೆಸೆದು ಸಮತಟ್ಟು ಹಲಗೆಯ ಮೇಲೆ ಲಂಬ ನೋಡಿ. ಆಮೇಲೆ ಹೆಡ್ ಟ್ಯೂಬು ಮತ್ತು ಡೌನ್ ಟ್ಯೂಬು. ನಂತರ ಟಾಪ್ ಟ್ಯೂಬು. ಹಿಂದಿನ ತ್ರಿಕೋನ ಕೊನೆಗೆ. ಪ್ರತಿ ಹಂತದಲ್ಲೂ ಅಳತೆ. ಹಿಂದಿನದು ನೆಟ್ಟಗಿದೆಯೇ ಎನ್ನಲು ಒಂದು ದಾರ ಸಾಕು: ಡ್ರಾಪ್‌ಔಟಿನಿಂದ ಹೊರಟು ಹೆಡ್ ಟ್ಯೂಬು ಸುತ್ತಿ ಇನ್ನೊಂದು ಡ್ರಾಪ್‌ಔಟಿಗೆ ಬಿಗಿದು ಕಟ್ಟಿ, ಸೀಟ್ ಟ್ಯೂಬಿಗೂ ದಾರಕ್ಕೂ ಎರಡು ಬದಿಯ ಅಂತರ ಅಳೆಯಿರಿ. 1 ಮಿ.ಮೀ ವ್ಯತ್ಯಾಸ ಬಂದರೆ ಹಿಂಚಕ್ರ ಹೆಚ್ಚುಕಡಿಮೆ ಅಷ್ಟೇ ಬದಿಗಿದೆ ಎಂದು ತಿಳಿಯಬಹುದು. ಅಷ್ಟನ್ನು ಕೈಯಲ್ಲಿ ಬಗ್ಗಿಸಿ ಸರಿಪಡಿಸಬಹುದು. ಡ್ರಾಪ್‌ಔಟುಗಳ ಎತ್ತರದಲ್ಲಿ ವ್ಯತ್ಯಾಸ ಬಂದರೆ ಅದು ಬಗ್ಗಿಸಿ ಹೋಗುವಂಥದ್ದಲ್ಲ. 130 ಮಿ.ಮೀ ಅಗಲದ ಹಬ್ಬಿಗೆ ಒಂದು ಬದಿ 1 ಮಿ.ಮೀ ಮೇಲಾದರೆ ಟೈರಿನ ತುದಿ ಎರಡೂವರೆ ಮಿ.ಮೀ ವಾಲುತ್ತದೆ. ಮಡ್‌ಗಾರ್ಡು ಇದನ್ನು ಎಲ್ಲರಿಗೂ ತೋರಿಸಿಕೊಡುತ್ತದೆ.

ಈ ಮಾದರಿಯ ನಿಜವಾದ ಪರೀಕ್ಷೆ ಆ ಮಡ್‌ಗಾರ್ಡೇ. ಸೀಟ್ ಸ್ಟೇ (ಸೀಟಿನಿಂದ ಹಿಂಚಕ್ರದ ಅಕ್ಷಕ್ಕೆ ಇಳಿಯುವ ಜೋಡಿ ಕೊಳವೆ) ಸೇತುವೆ, ಚೈನ್ ಸ್ಟೇ ಸೇತುವೆ ಎರಡೂ ಚಕ್ರದ ಅಕ್ಷದಿಂದ ಒಂದೇ ದೂರದಲ್ಲಿರಬೇಕು. 330ರ ತ್ರಿಜ್ಯ, 15 ಮಿ.ಮೀ ಖಾಲಿ ಜಾಗ, ತಗಡಿನ ದಪ್ಪ, ಅದರೊಳಗೆ ತಲೆ ಚಪ್ಪಟೆಯಾದ ಬೋಲ್ಟು, ಸುಮಾರು 347. ಸೇತುವೆಯಲ್ಲಿ 5 ಮಿ.ಮೀ ಬೋಲ್ಟಿನ (ಎಂ5) ಎಳೆ ಕೊರೆದ ಸಣ್ಣ ಉಕ್ಕಿನ ತುಂಡನ್ನು ಚಕ್ರದ ಕಡೆ ಮುಖ ಮಾಡಿ ಬೆಸೆದರೆ ಅಲ್ಯೂಮಿನಿಯಂ ಮಡ್‌ಗಾರ್ಡು ನೇರವಾಗಿ ಬಂದು ಕೂರುತ್ತದೆ, ನಡುವೆ ತೊಗಲಿನ ವಾಷರು. ಸೇತುವೆ 10 ಮಿ.ಮೀ ಆಚೀಚೆಯಾಗಿ, ಮಡ್‌ಗಾರ್ಡನ್ನು ಎಳೆದು ಬಿಗಿದರೆ ಬೋಲ್ಟಿನ ತೂತಿನಿಂದ ಬಿರುಕು ಶುರುವಾಗುತ್ತದೆ. ಗಡಗಡ ಸದ್ದು ಬರುವುದೂ ಹೀಗೇ. 42ರ ಟೈರಿಗೆ 52 ಮಿ.ಮೀ ಅಗಲದ ಮಡ್‌ಗಾರ್ಡು, ಟೈರಿಗಿಂತ ಮುಂದೆ ಚೈನ್ ಸ್ಟೇಗಳು ಇನ್ನಷ್ಟು ಹತ್ತಿರವಾಗುವಲ್ಲಿ, ನೇರ ಹೋಗದು, ಆ ಜಾಗದಲ್ಲಿ ಎರಡೂ ಅಂಚನ್ನು ಒತ್ತಿ ಕಿರಿದು ಮಾಡಬೇಕು.

ಮುಂದಕ್ಕೆ ಎಳೆದು ಚಕ್ರ ತೆಗೆಯುವ ಉದ್ದ ಡ್ರಾಪ್‌ಔಟು ಇಟ್ಟರೆ ಟೈರಿನ ಗಾಳಿ ಬಿಡದೆ ಚಕ್ರ ಹೊರಬರುವುದಿಲ್ಲ. ಕೆಳಮುಖದ್ದು ಇಡಿ.

ಫೋರ್ಕಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಅದು ಮುರಿದರೆ ಸವಾರನ ಹಲ್ಲು ಹೋಗುತ್ತದೆ. ಎರಡೂ ಕಾಲುಗಳನ್ನು ಒಂದೇ ಅಚ್ಚಿನಲ್ಲಿ, ತಣ್ಣಗಿರುವಾಗಲೇ, ಕೆಳಗಿನ ತೆಳು ಭಾಗದಲ್ಲಿ ಬಗ್ಗಿಸಿ. ಬಿಸಿ ಮಾಡಿ ಬಗ್ಗಿಸಿದರೆ ಒಳಮೈ ಸುಕ್ಕುಗಟ್ಟುತ್ತದೆ. ಸ್ಟೀಯರರ್ (ಹೆಡ್ ಟ್ಯೂಬಿನೊಳಗೆ ತಿರುಗುವ ಫೋರ್ಕಿನ ಕೊಳವೆ) ಕ್ರೌನಿಗೆ ಸೇರುವಲ್ಲಿ ಹಿತ್ತಾಳೆಯನ್ನು ಕೆಳಗಿನಿಂದ ಕೊಟ್ಟು ಮೇಲೆ ಸುತ್ತಲೂ ಇಣುಕುವವರೆಗೆ ಎಳೆಯಬೇಕು. ಬ್ರೇಕಿನ ಗೂಟಗಳನ್ನು ಪುಸ್ತಕದ ಅಳತೆಗೆ ಬೆಸೆಯದೆ, ಕೈಯಲ್ಲಿರುವ ಬ್ರೇಕನ್ನೂ ಚಕ್ರವನ್ನೂ ಇಟ್ಟು ಗುರುತು ಹಾಕಿ.

ದೀಪದ ವೈರು ಫ್ರೇಮಿನೊಳಗೆ ಹೋಗುವುದನ್ನು ನೋಡಿ ನಿಮ್ಮ ಲೇಖಕರು ಬೆರಗಾಗಿದ್ದಾರೆ. ಆ ಸೈಕಲ್ಲುಗಳಲ್ಲಿ ಒಂದೇ ವೈರು, ವಾಪಸು ದಾರಿ ಫ್ರೇಮಿನ ಉಕ್ಕೇ. ತಿರುಗುವ ಹೆಡ್‌ಸೆಟ್ (ಹೆಡ್ ಟ್ಯೂಬಿನ ಬೇರಿಂಗ್) ದಾಟಿಸಲು ಎರ್ಸ್ ಸ್ಟೀಯರರ್‌ನಲ್ಲಿ ಕಾರ್ಬನ್ ಬ್ರಷ್ ಇಟ್ಟಿದ್ದರು. ಈಗ 6 ವೋಲ್ಟ್ 3 ವ್ಯಾಟಿನ ಹಬ್ ಡೈನಮೋ ಹಾಕುವವರು ಎರಡು ವೈರು ಎಳೆದುಬಿಟ್ಟರೆ ಆ ತಾಪತ್ರಯವಿಲ್ಲ. ಆದರೆ ಬರೀ ತೂತು ಕೊರೆದು ವೈರು ತೂರಿಸಬೇಡಿ. ಒಳಗೆ ಸಪೂರ ಕೊಳವೆ ಬೆಸೆಯಿರಿ. ಇಲ್ಲದಿದ್ದರೆ ತೂತಿನ ಅಂಚು ವೈರಿನ ಸಿಪ್ಪೆ ಕೊಯ್ಯುತ್ತದೆ. ತೂತು ಡೌನ್ ಟ್ಯೂಬಿನ ಅಡಿಯಲ್ಲಾಗಲಿ ನಡು ಹೊಟ್ಟೆಯಲ್ಲಾಗಲಿ ಬೇಡ, ದಪ್ಪ ತುದಿಯ ಮಗ್ಗುಲಲ್ಲಿರಲಿ.

ಬೆಸುಗೆ ಮುಗಿದ ಮೇಲೆ ಬಿಳಿಗಾರವನ್ನು ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ತೆಗೆಯಬೇಕು. ಉಳಿದರೆ ಬಣ್ಣದಡಿ ತೇವ ಹೀರಿ ಗುಳ್ಳೆ ಏಳುತ್ತದೆ. ಬಟೆಡ್ ಸೀಟ್ ಟ್ಯೂಬನ್ನು 27.2ಕ್ಕೆ ರೀಮ್ ಮಾಡಿ (ಒಳಮೈ ಕೆರೆದು ಅಳತೆಗೆ ತಂದು), ಅದರ ಸೀಳಿನ ಕೊನೆಗೆ 4 ಮಿ.ಮೀ ದುಂಡು ತೂತು ಬಿಡಿ. ಒಂದಿಂಚಿನ ಹೆಡ್‌ಸೆಟ್ಟಿನ 30.2ರ ಕಪ್ ಬಿಗಿಯಾಗಿ ಕೂರಲು ಹೆಡ್ ಟ್ಯೂಬಿನ ಒಳವ್ಯಾಸ ಅದಕ್ಕಿಂತ ಸುಮಾರು 0.1 ಕಡಿಮೆ ಇರಲಿ. ಎಳೆ ಕೊರೆಯುವುದು ಬಿಸಿಯ ಕೆಲಸವೆಲ್ಲ ಮುಗಿದ ಮೇಲೆ, ಏಕೆಂದರೆ ಶೆಲ್ಲು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಇಲ್ಲೂ ಮೂಲಮಾದರಿಯ ಮೋಹ ಬೇಡ. ಫ್ರೆಂಚ್ ಬಿ.ಬಿ. ಎಳೆ 35 × 1 ಮಿ.ಮೀ, ಎರಡು ಬದಿಯೂ ಬಲಸುತ್ತು. ಬಲಗಡೆಯ ಬೇರಿಂಗ್ ಕಪ್ ತುಳಿಯುತ್ತ ತುಳಿಯುತ್ತ ತಾನೇ ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷ್ ಮಾದರಿಯದು 68 ಮಿ.ಮೀ ಶೆಲ್ಲು, 1.37 ಇಂಚು, ಇಂಚಿಗೆ 24 ಎಳೆ, ಬಲಗಡೆ ಎಡಸುತ್ತು. ಭಾಗ ಎಲ್ಲೆಡೆ ಸಿಗುತ್ತದೆ, ಬಿಚ್ಚಿಕೊಳ್ಳುವುದೂ ಇಲ್ಲ. ಲಗ್ಗಿನ ಅಂಚು ಅರದಲ್ಲಿ ಅಷ್ಟು ಚೂಪು ಮಾಡಿದ ಮೇಲೆ ಪೌಡರ್ ಕೋಟಿಂಗ್ ಮಾಡಿಸಿದರೆ ಶ್ರಮವೆಲ್ಲ ಮುಚ್ಚಿಹೋಗುತ್ತದೆ. ಪ್ರೈಮರ್ ಹಾಕಿ ತೆಳುವಾಗಿ ಸ್ಪ್ರೇ ಮಾಡಿಸಿ. ಕ್ರೋಮ್ ಹಾಕಿಸುವವರು ಲೇಪನವಾದ ಕೂಡಲೇ 200 ಡಿಗ್ರಿಯಲ್ಲಿ ಕೆಲವು ಗಂಟೆ ಬೇಯಿಸಿಕೊಡಲು ಕೇಳಬೇಕು. ಆಮ್ಲದಲ್ಲಿ ಉಕ್ಕಿನೊಳಗೆ ಸೇರಿದ ಜಲಜನಕ ಹೊರಗೆ ಹೋಗದಿದ್ದರೆ ತೆಳು ಕೊಳವೆ ಗಾಜಿನಂತೆ ಬಿರಿಯುತ್ತದೆ.

ಡೌನ್ ಟ್ಯೂಬಿನ ಮೇಲೆ ಎರ್ಸ್ ಹೆಸರು ಬರೆಯಬಹುದೇ? ಬೇಡ. ಆ ಹೆಸರು ಇವತ್ತು ಅಮೆರಿಕದ ಸಿಯಾಟಲ್ ಕಂಪನಿಯೊಂದರದು, ಅದೇ ಹೆಸರಿನಲ್ಲಿ ಟೈರು, ಬಿಡಿಭಾಗ ಮಾರುತ್ತಾರೆ. ಕಾನೂನು ಹಾಗಿರಲಿ, ಮುಂದೆ ಯಾರೋ ಅದನ್ನು ಅಸಲಿ ಎಂದು ಕೊಂಡು ಮೋಸಹೋಗುತ್ತಾರೆ. ಕಟ್ಟಿದವರ ಹೆಸರು, ವರ್ಷ, ಕ್ರಮಸಂಖ್ಯೆ ಶೆಲ್ಲಿನ ಅಡಿಗೆ ಒತ್ತಿದರೆ ಸಾಕು.

ಇದೆಲ್ಲ ನಮಗೇಕೆ ಎನ್ನುವವರಿಗೆ: ಬೆಂಗಳೂರಿನಿಂದ ಪ್ರತಿ ವರ್ಷ 200, 300, 400, 600 ಕಿ.ಮೀ ಬ್ರೆವೆಗಳು (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ನಡೆಯುತ್ತವೆ. ಅವನ್ನು ಮುಗಿಸಿದವರು ನಾಲ್ಕು ವರ್ಷಕ್ಕೊಮ್ಮೆ 1200 ಕಿ.ಮೀಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಹೋಗುತ್ತಾರೆ, 90 ಗಂಟೆಯ ಗಡುವು. ಎರ್ಸ್ ಸೈಕಲ್ಲುಗಳು ಹುಟ್ಟಿದ್ದು ಇಂಥ ಸವಾರಿಗೇ. ರಾತ್ರಿಯಿಡೀ ದೀಪ, ಮಳೆಯಲ್ಲಿ ಮಡ್‌ಗಾರ್ಡು, ಕಿತ್ತ ಟಾರಿಗೆ ಅಗಲ ಟೈರು, ಕೈಗೆಟಕುವಂತೆ ಮುಂದೆ ತಿಂಡಿಯ ಚೀಲ. ಇಲ್ಲಿಯ ರಸ್ತೆಗೂ ಬೇಕಾದ್ದು ಇದೇ ನಾಲ್ಕು.

ಪತ್ರ ಉದ್ದವಾಗಿದೆ, ಗೊತ್ತು. ಜಾಗ ಸಾಲದಿದ್ದರೆ ಟ್ರೇಲಿನ ಲೆಕ್ಕ ತೆಗೆಯಿರಿ, ಮಡ್‌ಗಾರ್ಡಿನದನ್ನೂ ಬೇಕಿದ್ದರೆ ಕತ್ತರಿಸಿ. ಕ್ಯಾಡ್ಮಿಯಂ ಬಗ್ಗೆ ಬರೆದದ್ದನ್ನು ಮಾತ್ರ ಬಿಡಬೇಡಿ.

— ಫ್ರೇಮ್ ಕೆಲಸದ ಇಬ್ಬರು ಓದುಗರು, ಬೆಂಗಳೂರು